ದೊಡ್ಡಮ್ಮನಿಗೆ ಬಿಲ್ ಕೊಟ್ಟ ಹುಡುಗಿ

ಕಳೆದ ಶನಿವಾರ ತಿಪಟೂರಿನಲ್ಲಿ ನಮ್ಮ ಅಕ್ಕನ ಮಗಳು ಶಿಲ್ಪಾ ತನ್ನ ಸ್ವಂತ ದೊಡ್ಡಮ್ಮನ ಕೈಗೆ ಬಿಲ್ ಕೊಟ್ಟಳು. ಭಾನುವಾರ ಬೆಳಗಾಗುವಷ್ಟರಲ್ಲಿ ವಿಷಯ ದಬ್ಬೇಘಟ್ಟದಿಂದ ಹುಳಿಯಾರಿನವರೆಗೂ ಹಬ್ಬಿತ್ತು. (ಫ್ಯಾಮಿಲಿ ವಾಟ್ಸಾಪ್ ಗ್ರೂಪ್ ಇರುವುದು ಇನ್ಯಾವ ಘನಕಾರ್ಯಕ್ಕೆ?)

ಶಿಲ್ಪಾ ಫುಡ್ ಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮಾಡಿದವಳು. ಕ್ಲಾಸ್‌ಮೇಟ್ ನಾಜಿಯಾ ಇಲ್ಲಿನ ಟೈಲರ್ ಒಬ್ಬರ ಮಗಳು. ಇಬ್ಬರೂ ಸಮಪಾಲಿನಲ್ಲಿ ತೆಂಗಿನಕಾಯಿ ಚಿಪ್ಸ್ ಮಾಡುವ ಸ್ಟಾರ್ಟಪ್ ಶುರು ಮಾಡಿದ್ದಾರೆ. ಮುಂದೆ ಪುಟ್ಟ ಅಂಗಡಿ, ಹಿಂದೆ ಡ್ರೈಯರ್. ಚಿಪ್ಸ್ ಚೆನ್ನಾಗಿದೆ, ಹೊರಗಿನಿಂದ ಆರ್ಡರೂ ಬರುತ್ತಿದೆ. ಮತ್ತೆ ತೊಂದರೆ ಯಾರಿಂದ? ನಮ್ಮಿಂದಲೇ.

ನಮ್ಮ ಕಡೆ ಕಾಯಿಯನ್ನು ದುಡ್ಡು ಕೊಟ್ಟು ತಗೊಳ್ಳುವವರು ಯಾರು ಹೇಳಿ? ಮನೆಗೆ ಬಂದವರು ಹೊರಟರೆ ಚೀಲಕ್ಕೆ ಎರಡು ಕಾಯಿ ಹಾಕಿ ಕಳಿಸುವುದು ರೂಢಿ. ಅದೇ ರೂಢಿಯಲ್ಲಿ ಬಂಧುಬಳಗ ಈ ಅಂಗಡಿಗೂ ಬಂತು. ಹರಸಿದರು, ಸೆಲ್ಫಿ ತೆಗೆದುಕೊಂಡರು, ಹೊರಡುವಾಗ ಕೈಗೆ ಸಿಕ್ಕಷ್ಟು ಪ್ಯಾಕೆಟ್ ಚೀಲಕ್ಕೆ ಹಾಕಿಕೊಂಡರು.

ಹೀಗೇ ಮಾಲು ಕಡಿಮೆ ಬಿದ್ದು ಹಾಸನದ ಅಂಗಡಿಯೊಂದರ ಆರ್ಡರ್ ಕೈತಪ್ಪಿತು. "ಹಿಂಗೇ ಆದ್ರೆ ನಾನು ಬಿಟ್ಬುಡ್ತೀನಿ ಕಣೇ" ಎಂದು ನಾಜಿಯಾ ಅಂದಳಂತೆ.

ಶನಿವಾರ ನಾನು ಅಲ್ಲೇ ಕೂತಿದ್ದೆ. ದೊಡ್ಡಮ್ಮ, ಅಂದರೆ ಶಿಲ್ಪಾಳ ಅಪ್ಪನ ಅಣ್ಣನ ಹೆಂಡತಿ, ಬಸ್ಸಿಳಿದು ಬಂದರು. ರುಚಿ ನೋಡಿದರು, ಶಿಲ್ಪಾಳ ಬೆನ್ನು ಸವರಿದರು, ನಾಲ್ಕು ಪ್ಯಾಕೆಟ್ ಚೀಲಕ್ಕಿಳಿಸಿದರು.

"ದೊಡ್ಡಮ್ಮ, ಒಂದ್ನಿಮಿಷ" ಎಂದು ಶಿಲ್ಪಾ ಬಿಲ್ ಬರೆದಳು. ಹರಿದು ಅವರ ಕೈಗಿಟ್ಟಳು.

"ಏನಮ್ಮಿ ಇದು? ನನ್ ತಾವನೂ ಕಾಸು ಕೇಳ್ತೀಯಾ?"

"ಪೂರಾ ನಂದೇ ಆಗಿದ್ರೆ ಕೇಳ್ತಿರ್ಲಿಲ್ಲ ದೊಡ್ಡಮ್ಮ. ಅರ್ಧ ನಾಜಿಯಾದು. ಅವಳ್ದನ್ನ ನಾನು ಹೆಂಗೆ ಕೊಟ್ಬುಡ್ಲಿ?"

ದೊಡ್ಡಮ್ಮ ದುಡ್ಡು ಕೊಟ್ಟು, ಮುಖ ಊದಿಸಿಕೊಂಡು ಹೋದರು. ಶಿಲ್ಪಾ ಒಳಗೆ ಹೋಗಿ ಅತ್ತಳು. ನನಗೂ ಸಂಕಟವಾಯಿತು. ದೊಡ್ಡಮ್ಮ ಕೆಟ್ಟವರಲ್ಲ, ಇವಳನ್ನು ಎತ್ತಿ ಆಡಿಸಿದವರು. ನಾಜಿಯಾ ನೀರು ತಂದುಕೊಟ್ಟು, ಗೆಳತಿಯ ಪಕ್ಕ ಕೂತಳು. ಬಿಟ್ಟುಹೋಗುವ ಮಾತನ್ನು ಅವಳು ಮತ್ತೆ ಎತ್ತಿಲ್ಲ.

ಸಂಜೆ ಅಕ್ಕನ ಫೋನು. "ಓರಗಿತ್ತಿ ಮುಂದೆ ನಾನಿನ್ನು ಹೆಂಗೋ ಮುಖ ತೋರ್ಸ್ಲಿ? ನೀನಾದ್ರೂ ತಡೀಬಾರ್ದಿತ್ತಾ?"

ಯಾಕೆ ತಡೆಯಬೇಕಿತ್ತು? ಓದಿದವರು ಸ್ವಂತ ಕಾಲ ಮೇಲೆ ನಿಲ್ಲಲಿ ಎಂದು ಭಾಷಣ ಮಾಡುವವರು ನಾವೇ. ನಿಂತವರ ಮೊದಲ ಗಿರಾಕಿಗಳಾಗಲು ಮಾತ್ರ ನಮಗೆ ಮುಜುಗರ.

ಇದೇ ಹುಡುಗಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ್ದರೆ, ಕೌಂಟರ್ ಮುಂದೆ ನಿಂತು "ನಮ್ ಹುಡ್ಗೀನೇ ಅಲ್ವಾ, ಒಂದು ಕಟ್ಟು ನೋಟು ಚೀಲಕ್ಕೆ ಹಾಕಮ್ಮಿ" ಅನ್ನುತ್ತಿದ್ದೆವಾ?