ಫಾರಂ ಅಕ್ಕನ ಕೊಲೆಗಾರರು

ಓಣಿಗೆಲ್ಲ ಅವಳು ಫಾರಂ ಅಕ್ಕ ಎಂದೇ ಪರಿಚಿತೆ. ಗಂಡನದು ಪುಸ್ತಕ ಬೈಂಡಿಂಗ್ ಕೆಲಸ. ಪ್ರೆಸ್ಸಿನಿಂದ ಅಚ್ಚಾಗಿ ಬರುವ ದೊಡ್ಡ ಹಾಳೆಗೆ ಆ ಕಸುಬಿನಲ್ಲಿ ಫಾರಂ ಎನ್ನುತ್ತಾರೆ. ಒಂದೊಂದರಲ್ಲಿ ಹದಿನಾರು ಪುಟ, ಕೆಲವು ನೆಟ್ಟಗೆ, ಕೆಲವು ತಲೆಕೆಳಗೆ. ಮಡಿಸಿದರೆ ಮಾತ್ರ ಸಾಲಿಗೆ ಬರುತ್ತವೆ. ಮಡಿಸುವುದು, ಹೊಲಿಯುವುದು ಅಕ್ಕನ ಪಾಲು. ಅಂಟು ಹಚ್ಚಿ ರಟ್ಟು ಕೂರಿಸುವುದು ಗಂಡನ ಪಾಲು.

ಕೈ ಮಡಿಸುತ್ತಿದ್ದರೆ ಕಣ್ಣು ಸುಮ್ಮನಿರುತ್ತದೆಯೇ? ಸಿಕ್ಕಿದ್ದನ್ನೆಲ್ಲ ಓದುತ್ತಿತ್ತು. ಆದರೆ ಪ್ರೆಸ್ಸಿನವರಿಗೆ ಕಥೆಯ ಹಿಂದುಮುಂದು ಕಟ್ಟಿಕೊಂಡು ಏನಾಗಬೇಕು? ಯಾವ ಫಾರಂ ಮೊದಲು ಒಣಗಿತೋ ಅದನ್ನೇ ಮೊದಲು ಕಳಿಸುತ್ತಿದ್ದರು. ಹಾಗಾಗಿ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಯಾಗುವ ಮೊದಲೇ ಕೊಲೆಗಾರನ ಕೈಗೆ ಕೋಳ ಬಿದ್ದಿರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಅಕ್ಕನಿಗೆ ಅದೇ ರುಚಿ ಹತ್ತಿತು.

"ಯಾರು ಅಂತ ಗೊತ್ತಿದ್ರೇನೇ ಮಜಾ," ಎನ್ನುತ್ತಿದ್ದಳು. "ಆ ಮಹಾರಾಯ ಬರೆಯೋನು ನಮ್ಮ ಕಣ್ಣಿಗೆ ಹೇಗೆ ಮಣ್ಣೆರಚ್ತಾನೆ ಅಂತ ನೋಡಬಹುದು. ಕೊಲೆಗಾರ ಎರಡನೇ ಫಾರಂನಲ್ಲೇ ಬಂದು ಒಂದು ಲೋಟ ನೀರು ಕುಡ್ಕೊಂಡು ಹೋಗಿರ್ತಾನೆ. ಯಾರಾದ್ರೂ ನೋಡಿದ್ರಾ? ಇಲ್ಲ!"

ಮಾಯಾಲೋಕದ ಕಥೆಗಳಿಗೆ ಅವಳದು ಬೇರೆಯೇ ಕಾನೂನು. ಗೋಡೆಯಲ್ಲಿ ಬಾಗಿಲು ತೆರೆಯಲಿ, ಸತ್ತ ರಾಜ ಎದ್ದು ಕೂರಲಿ, ತಕರಾರಿಲ್ಲ. ಆದರೆ ಆ ಲೋಕದಲ್ಲೂ ಯಾರಾದರೂ ಪಾತ್ರೆ ತೊಳೆಯಬೇಕು, ಯಾರಿಗಾದರೂ ಕಾಲು ನೋಯಬೇಕು. "ಹಗಲೂ ರಾತ್ರಿ ಕುದುರೆ ಮೇಲೆ ಹೋದನಂತೆ, ಸೊಂಟ ಹಿಡೀಲಿಲ್ವಂತೆ. ಸುಳ್ಳಿಗೂ ಒಂದು ಮರ್ಯಾದೆ ಬೇಡ್ವಾ?" ಎಂದು ಸಿಟ್ಟಿನಿಂದ ಫಾರಂ ಮಡಿಸುತ್ತಿದ್ದಳು. ಒಳ್ಳೆಯ ಮಾಯಾಕಥೆ ಸಿಕ್ಕಿತೋ, ಕೈ ತಾನಾಗಿಯೇ ನಿಧಾನವಾಗುತ್ತಿತ್ತು. ಗಂಡ ಅಂಟಿನ ಬ್ರಷ್ಷು ಹಿಡಿದು ಕಾಯುತ್ತ, "ಏನೇ, ಇನ್ನೂ ಆ ಕಡೆನೇ ಇದೀಯಾ?" ಎನ್ನುತ್ತಿದ್ದ.

ಗಂಡ ಕಥೆ ಓದುವ ಪೈಕಿ ಅಲ್ಲವೆಂದೇ ಅವಳ ನಂಬಿಕೆ. ಅದಕ್ಕೇ ಹೊಲಿಗೆಗೆ ಕೂತಾಗ ಕಥೆಯನ್ನು ಸಾಲಿಗೆ ತಂದು ಅವನಿಗೆ ಹೇಳುತ್ತಿದ್ದಳು. ಕೊನೆಗೆ ಬಂದಾಗ ಸೂಜಿ ನಿಲ್ಲಿಸಿ, "ಹೇಳಿ ನೋಡೋಣ, ಯಾರು?" ಎಂದು ಕೇಳುವಳು. ಅವನು ಗಲ್ಲ ಕೆರೆದುಕೊಂಡು, ಬಹಳ ಯೋಚಿಸಿ, "ಅಡುಗೆಯವನೇ ಇರಬೇಕು ಕಣೇ" ಎನ್ನುವನು. ಕಥೆಯಲ್ಲಿ ಅಡುಗೆಯವನಿಲ್ಲದಿದ್ದರೆ ಡಾಕ್ಟರು. ಒಮ್ಮೆಯಾದರೂ ಸರಿಹೋಗಬೇಕಲ್ಲ! "ನಿಮ್ಮ ತಲೇಲಿ ಬರೀ ಅಂಟು ತುಂಬಿದೆ ರೀ!" ಎಂದು ಅವಳು ನಕ್ಕಿದ್ದೇ ನಕ್ಕಿದ್ದು. ಎಂಥ ದಿನಗಳಪ್ಪ ಅವು! ಕಿಟಕಿಯ ಬಿಸಿಲು, ಅಂಟಿನ ವಾಸನೆ, ರಟ್ಟಿನ ಚೂರುಗಳ ನಡುವೆ ಇಬ್ಬರೇ ಕೂತು ಎಷ್ಟೊಂದು ಕೊಲೆಗಳನ್ನು ಬಗೆಹರಿಸಿದರು.

ಆಮೇಲೆ ಮಡಿಸುವ ಯಂತ್ರ ಬಂತು, ಕೆಲಸ ಕಡಿಮೆಯಾಯಿತು, ವಯಸ್ಸೂ ಆಯಿತು. ಒಂದು ಬೆಳಿಗ್ಗೆ ಗಂಡ ರಟ್ಟು ಕತ್ತರಿಸುತ್ತಿದ್ದವನು ಹಾಗೇ ಕುಸಿದ. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತು ನಿಂತಿತು. ಸುಮ್ಮನೆ ಛಾವಣಿ ನೋಡುತ್ತ ಮಲಗಿರುತ್ತಿದ್ದ.

"ಹಳೇದು ಎಷ್ಟು ನೆನಪಿದೆಯೋ ಹೇಳೋಕಾಗಲ್ಲಮ್ಮ. ಮಾತಾಡಿಸ್ತಾ ಇರಿ," ಎಂದರು ಡಾಕ್ಟರು. ಅಕ್ಕನಿಗೆ ಅದೊಂದೇ ಚಿಂತೆ. ಇವನು ಎಲ್ಲ ಮರೆತುಬಿಟ್ಟರೆ ಆ ದಿನಗಳನ್ನು ಇನ್ಯಾರ ಜೊತೆ ನೆನೆಸಿಕೊಳ್ಳುವುದು?

ಮಾತಾಡಿಸಿ ಎಂದರೆ ಏನಂತ ಮಾತಾಡಿಸುವುದು? ಅವಳಿಗೆ ಬರುತ್ತಿದ್ದುದು ಕಥೆ. ಮದುವೆಯಾದ ಹೊಸತರಲ್ಲಿ ಇಬ್ಬರೂ ಸೇರಿ ಬೈಂಡ್ ಮಾಡಿದ ಮೊದಲ ಪತ್ತೇದಾರಿ ಕಾದಂಬರಿಯನ್ನು ಮಂಚದ ಪಕ್ಕ ಕೂತು ಶುರು ಹಚ್ಚಿಕೊಂಡಳು. ಒಳಗಿನಿಂದ ಚಿಲಕ ಹಾಕಿದ ಕೋಣೆ, ಬಾಗಿಲು ಒಡೆದು ನೋಡಿದರೆ ಯಜಮಾನನ ಹೆಣ. ತಮ್ಮ, ಸೊಸೆ, ದೋಣಿಯವನು, ಡಾಕ್ಟರು, ಎಲ್ಲರ ಮೇಲೂ ಅನುಮಾನ. ಹೇಳುತ್ತ ಹೇಳುತ್ತ ಕೊನೆಗೆ ಬಂದವಳು ತಬ್ಬಿಬ್ಬಾದಳು. ಕೊಂದದ್ದು ಯಾರು? ಅಯ್ಯೋ, ನೆನಪೇ ಆಗುತ್ತಿಲ್ಲ!

"ಥೂ, ನನ್ನ ಬುದ್ಧಿಗಿಷ್ಟು!" ಎಂದು ಅಂಗೈಯಿಂದ ಕಣ್ಣೊರೆಸಿಕೊಂಡಳು. "ನಿಮಗೆ ನೆನಪಿಲ್ಲ ಅಂತ ಅಳ್ತಿದ್ದೆ. ಈಗ ನಂಗೇ ಇಲ್ಲ ನೋಡಿ."

ಗಂಡನ ತುಟಿ ಅಲುಗಿತು. ಅವಳು ಬಗ್ಗಿ ಕಿವಿ ಕೊಟ್ಟಳು.

"ಸೊಸೆ," ಎಂದ ತೊದಲುತ್ತ. "ಬಾಗಿಲು ಒಡೆದಾಗ... ಯಜಮಾನ ಇನ್ನೂ ಬದುಕಿದ್ದ. ಮೊದ್ಲು ಒಳಗೆ ಓಡಿದೋಳು... ಅವಳೇ."

ಕೇಳಿದ್ದೇ ತಡ, ಅವಳಿಗೆ ಆ ಪುಟವೇ ಕಣ್ಣಮುಂದೆ ಬಂತು. ಹೌದು, ಸೊಸೆಯೇ! ಎಲ್ಲ ನೆನಪಿದೆ ಇವನಿಗೆ! ಖುಷಿಗೆ ಅವನ ಕೈ ಹಿಡಿದುಕೊಂಡಳು. ಮರುಕ್ಷಣವೇ ಇನ್ನೊಂದು ಹೊಳೆಯಿತು. ಅಂದು ಈ ಕಥೆಗೆ ಅವನು ಹೇಳಿದ್ದು ಡಾಕ್ಟರು ಅಂತ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಆವಾಗ್ಲೇ ಗೊತ್ತಿತ್ತಾ ನಿಮಗೆ?"

"ರಟ್ಟು ಹಾಕೋ ಮುಂಚೆ... ಎಲ್ಲಾ ಓದ್ತಿದ್ದೆ ಕಣೇ."

"ಎಲ್ಲಾ ಪುಸ್ತಕಾನೂ?"

ಹೌದೆನ್ನುವಂತೆ ಅವನು ಕಣ್ಣು ಮುಚ್ಚಿ ತೆರೆದ.

"ಎಂಥಾ ಕಳ್ಳರು ರೀ ನೀವು! ಒಂದ್ಸಲನಾದ್ರೂ ಸರಿಯಾಗಿ ಹೇಳಬಾರದಿತ್ತಾ?"

"ಹೇಳಿದ್ರೆ..." ಎಂದು ಉಸಿರು ಎಳೆದುಕೊಂಡ. "ನೀನು ಹಾಗೆ ನಗ್ತಿದ್ಯೇನೇ?"