ಗುಂಡು ಹಾರಿಸದೆ ಒಪ್ಪಿದ ದುರ್ಬೀನು

ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಅರ ಹಿಡಿದು ಕಬ್ಬಿಣ ತಿಕ್ಕಲು ಕುಳಿತವನು ನಾನು. ಎಪ್ಪತ್ತರ ದಶಕದ ಕೊನೆಗೆ ಬೆಳಗಾವಿಯ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ ನನ್ನದೇ ಬಂದೂಕು ರಿಪೇರಿ ಅಂಗಡಿ ಇತ್ತು. ಕ್ಯಾಂಪಿನ ಮಿಲಿಟರಿ ಸಾಹೇಬರೂ ನನ್ನ ಬಾಗಿಲಿಗೆ ಬರುತ್ತಿದ್ದರು. ನಾನು ಯಾರ ಬಾಗಿಲಿಗೂ ಹೋದವನಲ್ಲ. ನನ್ನ ಕೈಯಿಂದ ಹೋದ ಬಂದೂಕು ತಿರುಗಿ ಬಂದದ್ದಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ.

ಖಾನಾಪುರದ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ತಮ್ಮನನ್ನು ಕರೆದುಕೊಂಡು ಬಂದದ್ದು ಕಬ್ಬು ಎದೆಮಟ್ಟ ಬೆಳೆದ ದಿನಗಳಲ್ಲಿ. ಬೆಳೆ ಕಾಯಲೆಂದು ಲೈಸೆನ್ಸಿನ ರೈಫಲ್ಲು ಇತ್ತು. ಹವಾಲ್ದಾರರ ಕಣ್ಣು ಮಾತ್ರ ಮಂಜಾಗಿತ್ತು.

"ನಳಿಗಿ ತುದಿ ಮಣಿ ಒಂದಕ್ಕ ಎರಡ ಕಾಣತಾವ ಮಿಸ್ತ್ರಿ. ಗುರಿ ಹಿಡಿಯಾಕ ಇದಕ್ಕೊಂದು ದುರ್ಬೀನ ಹಾಕಿ ಕೊಡ್ರಿ," ಎಂದರು.

ತಮ್ಮ ನಕ್ಕ. "ಲಗೂನ ಹಾಕ್ರಿ. ಇಲ್ಲಂದ್ರ ನಮ್ಮಣ್ಣ ನನ್ನ ಹಂದಿ ಅಂತ ತಿಳದು ಹೊಡೀತಾನ."

"ನಿನಗೂ ಹಂದಿಗೂ ಭಾಳ ಫರಕ ಇಲ್ಲೇಳ," ಎಂದರು ಅಣ್ಣ.

ಮಾತು ನಗೆಯದಾದರೂ ವಿಷಯ ನಗುವಂಥದ್ದಲ್ಲ. ನಸುಕಿನಲ್ಲಿ ತಮ್ಮ ಕಬ್ಬಿನೊಳಗೆ ಡಬ್ಬ ಬಡಿಯುತ್ತ ಕಾಡುಹಂದಿಗಳನ್ನು ಎಬ್ಬಿಸಬೇಕು, ಅಣ್ಣ ಬಾಜುವಿನ ಬದುವಿನ ಮೇಲೆ ಕುಳಿತು ಹೊಡೆಯಬೇಕು. ಪೆಟ್ಟು ಸರಿಯಾಗಿ ಬಿದ್ದರೆ ಮುಗಿಯಿತು. ಬರೀ ಗಾಯವಾದರೆ ಹಂದಿ ಬಂದ ದಾರಿಯಲ್ಲೇ ತಿರುಗುತ್ತದೆ. ಆ ದಾರಿಯಲ್ಲಿ ತಮ್ಮ ಇರುತ್ತಾನೆ.

ನನ್ನಲ್ಲಿ ಎರಡು ದುರ್ಬೀನುಗಳಿದ್ದವು. ಒಂದು ಉಕ್ಕಿನ ಕೊಳವೆಯ ಹಳೆಯದು, ಭಾರವಾದದ್ದು. ಗಾಜು ಚಹಾದ ಬಣ್ಣಕ್ಕೆ ತಿರುಗಿತ್ತು. ಗುರಿ ತಿದ್ದುವ ತಿರುಪು ಬಿಗಿಯಾಗಿ, ಸದ್ದಿಲ್ಲದೆ ತಿರುಗುತ್ತಿತ್ತು. ಇನ್ನೊಂದು ಗೋವಾ ಕಡೆಯಿಂದ ಬಂದ ಹೊಸದು. ಹಗುರ, ತಿಳಿನೀರಿನಂಥ ಗಾಜು, ತಿರುಪು ತಿರುಗಿಸಿದರೆ ಎಣಿಸಲು ಬರುವಂತೆ ಟಕ್ ಟಕ್ ಎಂಬ ಸಪ್ಪಳ. ತಮ್ಮ ಹಳೆಯದನ್ನು ಕೈಯಲ್ಲಿ ತೂಗಿ ನೋಡಿದ.

"ಇದು ಗಟ್ಟಿ ಐತ್ರಿ."

"ಒಳ್ಳಕಲ್ಲೂ ಗಟ್ಟಿ ಇರತೈತಿ. ಅದನ್ನ ಕಟ್ಟಿ ಕೊಡ್ಲೇನು?" ಎಂದೆ ನಾನು.

ಹೊಸದನ್ನು ರೈಫಲ್ಲಿಗೆ ಕೂಡಿಸಿ, ಮಾಳಿಗೆಯ ಮೇಲೆ ವೈಸಿನ ಇಕ್ಕಳದಲ್ಲಿ ಬಿಗಿದು, ದೂರದ ಗೋಡೆಯ ಮೊಳೆಯೊಂದಕ್ಕೆ ನೇರ ಮಾಡಿದೆ. ತಿರುಪು ತಿರುಗಿಸಿದೆ: ಎಂಟು ಸಪ್ಪಳ ಮೇಲೆ, ಎಂಟು ಬಲಕ್ಕೆ, ಎಂಟು ಕೆಳಗೆ, ಎಂಟು ಎಡಕ್ಕೆ. ಗಾಜಿನೊಳಗಿನ ಗುರಿಯ ಗೆರೆ ಚೌಕ ಸುತ್ತಿ ಬಂದು ಮತ್ತೆ ಮೊಳೆಯ ಮೇಲೇ ನಿಂತಿತು. ಹವಾಲ್ದಾರರು ಕಣ್ಣಿಟ್ಟು ನೋಡಿ ತಲೆಯಾಡಿಸಿದರು.

"ಏಳೆಂಟು ಗುಂಡ ಹೊಡದು ನೋಡಬೇಕ್ರಿ," ಎಂದ ತಮ್ಮ. "ವೈಸ್ ಒದಿಯೂದಿಲ್ಲ, ರೈಫಲ್ ಒದೀತೈತಿ."

ಲೈಸೆನ್ಸಿನ ಮೇಲೆ ವರ್ಷಕ್ಕೆ ಸಿಗುತ್ತಿದ್ದದ್ದೇ ಬೆರಳೆಣಿಕೆಯ ಕಾಡತೂಸು. ಕಾಗದಕ್ಕೆ ಗುಂಡು ಹೊಡೆಯುವುದೆಂದರೆ ಆ ಕಡೆಯವರಿಗೆ ಬಿತ್ತುವ ಕಾಳನ್ನು ಹುರಿದು ತಿಂದಂತೆ. ಹವಾಲ್ದಾರರು ನನ್ನ ಮುಖ ನೋಡಿದರು. ನಿಮ್ಮ ತಮ್ಮ ಹೇಳುವುದು ಖರೇ ಎಂದು ನಾನು ಹೇಳಬಹುದಿತ್ತು.

"ಎರಡ ಸಾಕು," ಎಂದೆ. "ಕೂಡ್ಸಿದಾಂವ ನಾ ಅದೇನಿ."

ಆ ಎರಡನ್ನು ಅವರು ಹೊಲದಲ್ಲಿ ಹೊಡೆದರಂತೆ, ಎರಡೂ ಗುರಿಗೆ ಬಿದ್ದವಂತೆ. ಮೂರನೆಯದು ಹಂದಿಗೆ. ಭುಜ ಬಿಟ್ಟು ಹೊಟ್ಟೆ ಸವರಿಕೊಂಡು ಹೋಯಿತು. ಹಂದಿ ಕಬ್ಬಿನೊಳಗೆ ತಿರುಗಿ ತಮ್ಮನ ತೊಡೆ ಸೀಳಿತು.

ಅವನನ್ನು ಬೆಳಗಾವಿಯ ಆಸ್ಪತ್ರೆಗೆ ತಂದ ಮೂರನೆಯ ದಿನ ಹವಾಲ್ದಾರರು ರೈಫಲ್ಲನ್ನು ನನ್ನ ಮೇಜಿನ ಮೇಲಿಟ್ಟರು.

"ದುರ್ಬೀನ ತಗದ ಬಿಡ್ರಿ. ನನ್ನ ಕೈ ನಡಗ್ಯಾವ. ಮುದುಕ ಆಗೀದಿ, ಒಪ್ಪಿಕೋವಲ್ಲಿ ಅಂತ ತಮ್ಮ ಒಂದ ಮಾತ ಅಂದ. ಮುಂದ ನನ್ನ ಮಾರಿ ನೋಡವಲ್ಲ."

ಅವರು ಹೋದ ಮೇಲೆ ತಿರುಪು ತಿರುಗಿಸಿ ಕಣ್ಣಿಟ್ಟೆ. ಟಕ್ ಟಕ್ ಎಂದಿತು, ಗೆರೆ ಕದಲಲಿಲ್ಲ. ಬಿಚ್ಚಿದೆ. ಗೆರೆಯ ಕೊಳವೆಯನ್ನು ತಿರುಪಿಗೆ ಒತ್ತಿ ಹಿಡಿಯಬೇಕಾದ ಸ್ಪ್ರಿಂಗು ಗಡಿಯಾರದ ಸ್ಪ್ರಿಂಗಿನಷ್ಟು ತೆಳ್ಳಗಿತ್ತು, ಗುಂಡು ಹಾರಿದಾಗಿನ ಒದೆತಕ್ಕೆ ಸೋತು ಬಾಗಿತ್ತು. ಸಪ್ಪಳ ಮಾಡುತ್ತಿದ್ದದ್ದು ತಿರುಪಿನ ಹೊರಗಿನ ಹಲ್ಲು ಮಾತ್ರ; ಒಳಗೆ ಏನಾಗಿದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಹವಾಲ್ದಾರರ ಕೈ ನಡುಗಿರಲಿಲ್ಲ.

ಮರುದಿನ ಹೇಳಲೆಂದೇ ಆಸ್ಪತ್ರೆಗೆ ಹೋದೆ. ತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅಣ್ಣ ಮಂಚದ ಕಾಲ ಬಳಿ ನೆಲದ ಮೇಲೆ ಕುಳಿತಿದ್ದರು. ಸುತ್ತ ಅವರ ಊರಿನ ನಾಲ್ಕೈದು ಜನ. ಎಲ್ಲರ ಬಂದೂಕುಗಳೂ ನನ್ನ ಅಂಗಡಿಗೇ ಬರುತ್ತಿದ್ದವು.

"ಹೆಂಗದಾರ್ರಿ?" ಎಂದೆ.

"ಜ್ವರ ಇಳೀವಲ್ದು," ಎಂದರು ಅಣ್ಣ.

ಬಾಳೆಹಣ್ಣಿನ ಚೀಲ ಇಟ್ಟು ಬಂದೆ. ಜನ ಇಲ್ಲದಾಗ ಹೇಳಿದರಾಯಿತು ಎಂದುಕೊಂಡೆ. ಎರಡು ದಿನ ಬಿಟ್ಟು ಹೋದಾಗ ಆ ಹಾಸಿಗೆಯಲ್ಲಿ ಬೇರೆಯವರಿದ್ದರು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಖಾನಾಪುರದ ಬಸ್ಸು ಹತ್ತಿದೆ. ಹವಾಲ್ದಾರರು ಕಟ್ಟೆಯ ಮೇಲೆ ಕುಳಿತಿದ್ದರು. ಬಿಚ್ಚಿದ ದುರ್ಬೀನನ್ನು ಅರಿವೆಯಿಂದ ತೆಗೆದು ಮುಂದಿಟ್ಟು ಎಲ್ಲ ಹೇಳಿದೆ. ತಪ್ಪು ನನ್ನದೆಂದೆ. ಬೈಯಲಿ ಎಂದು ಕಾದೆ.

ಅವರು ಸ್ಪ್ರಿಂಗನ್ನು ಅಂಗೈ ಮೇಲಿಟ್ಟುಕೊಂಡು ಬೆರಳಿನಿಂದ ಒತ್ತಿ ನೋಡಿದರು.

"ಇದನ್ನ ಯಾವತ್ತ ಬಿಚ್ಚಿದ್ರಿ?"

"ನೀವು ತಂದ ಕೊಟ್ಟ ದಿನಾನ."

"ಆವತ್ತ ಅವಂಗ ಇನ್ನೂ ಎಚ್ಚರ ಇತ್ತು," ಎಂದರು. "ಅವನ ಮುಂದ ಹೇಳಬೇಕಿತ್ತು ಮಿಸ್ತ್ರಿ. ಈಗ ನನ್ನ ಮುಂದ ಹೇಳಿ ಏನ ಮಾಡ್ತೀರಿ."

ಒಳಗಿನಿಂದ ಚಹಾ ಬಂತು. ಸಾವಿನ ಮನೆಯಲ್ಲಿ ಕೊಟ್ಟದ್ದನ್ನು ಬಿಟ್ಟು ಏಳುವ ಹಾಗಿಲ್ಲ. ಅವರ ಎದುರೇ ಕುಳಿತು ಕುಡಿದೆ.