ಸಖುಬಾಯಿ ಕಲಿತ ಮೋಮೋ

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಖುಬಾಯಿಯ ಮನೆ. ಲಾರಿ ಓಡಿಸುತ್ತಿದ್ದ ಗಂಡ ವೈಜನಾಥ ಹೆದ್ದಾರಿಯಲ್ಲಿ ಲಾರಿ ಮಗುಚಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಎರಡು ಎಮ್ಮೆ ಕಟ್ಟಿ ಹಾಲು ಮಾರುತ್ತ, ಮುಂದಿನ ಕೋಣೆ ಬಾಡಿಗೆಗೆ ಕೊಟ್ಟು ಬದುಕುತ್ತಿದ್ದಳು.

ಆ ಕೋಣೆಗೆ ಪ್ರತಿ ಚಳಿಗಾಲ ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಯಾಂಗ್‌ಚೆನ್ ಬರುತ್ತಿದ್ದಳು. ದೀಪಾವಳಿ ಮುಗಿದ ಮೇಲೆ ಸ್ವೆಟರ್ ಗಂಟುಗಳೊಂದಿಗೆ ಇಳಿದರೆ ಸಂಕ್ರಾಂತಿ ಕಳೆದೇ ಹೋಗುವುದು. ಅವಳೂ ಗಂಡನನ್ನು ಕಳೆದುಕೊಂಡವಳು. ಮೊದಮೊದಲು ಇಬ್ಬರ ನಡುವೆ ಬರೀ ನಗು, ಆಮೇಲೆ ಅರ್ಧಂಬರ್ಧ ಹಿಂದಿ. ವರ್ಷಗಳು ಕಳೆದಂತೆ ಯಾಂಗ್‌ಚೆನ್ ಓಣಿಯವರ ಹಾಗೆಯೇ ಕನ್ನಡ ಮಾತಾಡತೊಡಗಿದಳು.

ಯಾಂಗ್‌ಚೆನ್ ಸ್ವೆಟರ್ ಅಂಗಡಿ ಹಚ್ಚದ ದಿನ ಮನೆಯಲ್ಲಿ ಮೋಮೋ ಆಗುತ್ತಿತ್ತು.

"ಮಾಂಸ ಇಲ್ದ ಮೋಮೋ ಹ್ಯಾಂಗ ಆಗ್ತದ ಅಕ್ಕಾ?" ಎಂದು ಯಾಂಗ್‌ಚೆನ್ ಕೇಳುತ್ತಿದ್ದಳು.

"ಈ ಮನ್ಯಾಗ ಪತ್ತಾಗೋಬಿನೇ ಮಾಂಸ ತಿಳ್ಕೊ," ಎನ್ನುತ್ತಿದ್ದಳು ಸಖುಬಾಯಿ.

ಎಲೆಕೋಸು, ಉಳ್ಳಾಗಡ್ಡಿ, ಶುಂಠಿ ಹೆಚ್ಚುವುದು ಸಖುಬಾಯಿಯ ಪಾಲು. ಮೈದಾ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಪಲ್ಯ ಇಟ್ಟು, ಅಂಚಿಗೆ ಸೀರೆಯ ನೆರಿಗೆಯಂತೆ ಮಡಿಕೆ ಹಾಕಿ ಮುಚ್ಚುವುದು ಯಾಂಗ್‌ಚೆನ್ ಕೆಲಸ. ಇಡ್ಲಿ ಪಾತ್ರೆಯಲ್ಲಿ ಬೇಯಿಸಿ, ಕೆಂಪು ಮೆಣಸಿನಕಾಯಿ ಚಟ್ನಿ ಹಚ್ಚಿಕೊಂಡು ಇಬ್ಬರೂ ಒಂದೇ ತಾಟಿನಲ್ಲಿ ತಿನ್ನುತ್ತಿದ್ದರು.

ಹೋದ ವರ್ಷದ ಚಳಿಗಾಲ, ಹುಮನಾಬಾದ್ ಸಂತೆಯಲ್ಲಿ ಸ್ವೆಟರ್ ಮಡಚುತ್ತಿದ್ದಾಗಲೇ ಯಾಂಗ್‌ಚೆನ್ ಕುಸಿದುಬಿದ್ದಳು. ಪಕ್ಕದಲ್ಲಿ ಚಪ್ಪಲಿ ಮಾರುತ್ತಿದ್ದ ಇಸ್ಮಾಯಿಲ ಅವಳನ್ನು ದವಾಖಾನೆಗೆ ಒಯ್ದು ಸಖುಬಾಯಿಗೆ ಫೋನ್ ಮಾಡಿದ. ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಕನ್ನಡವೂ ಹಿಂದಿಯೂ ಹೋಗಿ, ಬಾಯಲ್ಲಿ ಉಳಿದದ್ದು ಟಿಬೆಟನ್ನಿನ ನಾಲ್ಕಾರು ತೊದಲು ಮಾತು.

"ಯಾಂಗ್‌ಚೆನ್, ನಾ ಬಂದೀನಿ ನೋಡು. ನಾ ಯಾರು?" ಎಂದು ಸಖುಬಾಯಿ ಕೇಳಿದಳು. ಯಾಂಗ್‌ಚೆನ್ ಏನೋ ಹೇಳಿದಳು. ವಾರ್ಡಿನಲ್ಲಿ ಯಾರಿಗೂ ಅದು ತಿಳಿಯಲಿಲ್ಲ.

ಅವಳಿಗೆ ಉಳಿದವನು ಲಡಾಖಿನಲ್ಲಿ ಕೆಲಸಕ್ಕಿದ್ದ ಅಣ್ಣನ ಮಗ ತೆನ್ಜಿನ್ ಒಬ್ಬನೇ. ಹಿಮ ಬಿದ್ದು ದಾರಿ ಮುಚ್ಚಿತ್ತು. ಅವನು ಬರುವವರೆಗೆ ಸಖುಬಾಯಿ ಅವಳನ್ನು ಮನೆಗೆ ಕರೆತಂದು ಇಟ್ಟುಕೊಂಡಳು. ಗಂಜಿ ಕೊಟ್ಟರೆ ಮುಖ ತಿರುಗಿಸುವಳು. ಹಾಲು ಕೊಟ್ಟರೆ ತುಟಿ ಬಿಗಿಹಿಡಿಯುವಳು. ಒಂದು ಮಧ್ಯಾಹ್ನ ಸಖುಬಾಯಿ ಮೈದಾ ನಾದಿದಳು.

ಅವಳ ಕೈಯಲ್ಲಿ ಮಡಿಕೆ ನಿಲ್ಲಲಿಲ್ಲ. ಮೋಮೋಗಳು ಬಾಯಿಬಿಟ್ಟು, ಕೋಸು ನೀರಿಗೆ ಬಿತ್ತು. ಮಂಚದಿಂದಲೇ ನೋಡುತ್ತಿದ್ದ ಯಾಂಗ್‌ಚೆನ್ ಎಡಗೈ ಚಾಚಿದಳು. ಸಖುಬಾಯಿ ಲಟ್ಟಿಸಿದ ಹಿಟ್ಟಿನ ಒಂದು ಹಾಳೆಯನ್ನು ಆ ಕೈಗಿಟ್ಟು, ಇನ್ನೊಂದು ಅಂಚನ್ನು ತಾನು ಹಿಡಿದಳು. ಇಬ್ಬರೂ ಸೇರಿ ಒಂದೊಂದೇ ಮಡಿಕೆ ಹಾಕಿದರು. ಸೊಟ್ಟಗಾದರೂ ಅದು ಬಿಚ್ಚಲಿಲ್ಲ. ಬೆಂದ ಮೇಲೆ ಸಣ್ಣಗೆ ಮುರಿದು ಬಾಯಿಗಿಟ್ಟಾಗ ಯಾಂಗ್‌ಚೆನ್ ನುಂಗಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಖಾರ ಆಯ್ತೇನ?" ಎಂದು ಕೇಳಿದ ಸಖುಬಾಯಿಯೂ ಅತ್ತಳು. ಚಟ್ನಿ ಅವಳು ಹಚ್ಚಿರಲೇ ಇಲ್ಲ.

ಅಂದಿನಿಂದ ದಿನವೂ ಮೋಮೋ. ಹಾಲು ಕೊಳ್ಳಲು ಬಂದ ಮನೀಷಾ, "ಇಷ್ಟೆಲ್ಲಾ ಯಾಕ ಮಾಡಾಕತ್ತೀರಿ ಬಾಯಿ? ಆಕಿ ನಿಮಗ ಏನಾಗಬೇಕು?" ಎಂದು ಕೇಳಿದಳು. ಸಖುಬಾಯಿ ಹಾಲು ಅಳೆದು ಅವಳ ಪಾತ್ರೆಗೆ ಸುರಿದಳು.

ತೆನ್ಜಿನ್ ಬಂದು ಅವಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಕ್ಯಾಂಪಿಗೆ ಹೊರಟಾಗ, ಯಾಂಗ್‌ಚೆನ್ ಸಖುಬಾಯಿಯ ಸೆರಗನ್ನು ಬಿಡಲೊಲ್ಲಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಹೋಳಿಯ ಮುಂಚೆ ಅವನ ಫೋನ್ ಬಂತು. "ಬುವಾ ನಹೀ ರಹೀ," ಎಂದು ಅತ್ತೆ ತೀರಿಕೊಂಡ ಸುದ್ದಿ ಹೇಳಿದ. ಸಖುಬಾಯಿ ಇನ್ನೊಮ್ಮೆ ಹೇಳೆಂದಳು. ಅವನು ಹೇಳಿದ. ಆ ದಿನ ಅವಳು ಎಮ್ಮೆಗಳಿಗೆ ಮೇವು ಹಾಕಿದಳು, ಒಲೆ ಹಚ್ಚಲಿಲ್ಲ.

ಈಗ ಆ ಕೋಣೆಯಲ್ಲಿ ಕಾಜಲ ಎಂಬ ಕಾಲೇಜಿನ ಹುಡುಗಿ ಇದ್ದಾಳೆ. ಒಂದು ಸಂಜೆ ರಸ್ತೆಬದಿಯ ತಿಂಡಿ ಗಾಡಿಯಿಂದ ಮೋಮೋ ಕಟ್ಟಿಸಿಕೊಂಡು ಬಂದು, "ಆಂಟಿ, ನಿಮಗ ಇದು ಮಾಡಾಕ ಬರ್ತದಂತ, ಖರೇನ?" ಎಂದು ಕೇಳಿದಳು.

"ಇಲ್ಲವ್ವಾ, ಅದಕ್ಕ ಇಬ್ಬರ ಕೈ ಬೇಕು. ನನಗ ಒಬ್ಬಾಕಿಗೆ ಬರಂಗಿಲ್ಲ," ಎಂದು ಸಖುಬಾಯಿ ಬಕೆಟ್ ಎತ್ತಿಕೊಂಡು ಎಮ್ಮೆಗಳ ಕಡೆ ನಡೆದಳು.